ಬಿಳಿ ಅಂಗಿಯ ಮೇಲಿನ ಅರಿಶಿಣ

ನನ್ನ ಸೊಸೆಯಾಗಲಿದ್ದವಳ ಕೈಯನ್ನು ಮೊದಲು ಮುಟ್ಟಿ ನೋಡಿದವರು ನಮ್ಮತ್ತೆ. ಬಸವನ ಬಾಗೇವಾಡಿ ತಾಲೂಕಿನ ಗೊಳಸಂಗಿಗೆ ಕನ್ಯೆ ನೋಡಲು ಹೋಗಿದ್ದೆವು. ನಾನು, ನಮ್ಮನೆಯವರು, ಮಗ, ಜೊತೆಗೆ ವಯಸ್ಸಾದರೂ ಹಟ ಬಿಡದೆ ಬಸ್ಸು ಹತ್ತಿದ್ದ ನಮ್ಮತ್ತೆ. ಹುಡುಗಿ ಅವಲಕ್ಕಿ ತಂದಿಟ್ಟು, ಕಾಲಿಗೆ ನಮಸ್ಕಾರ ಮಾಡಿ ಎದ್ದಾಗ ಅವರು ಅವಳ ಮುಂಗೈ ಹಿಡಿದು ಹತ್ತಿರ ಎಳೆದುಕೊಂಡರು. ಅವರಿಗೆ ಕಣ್ಣು ಮಂಜು, ಏನಿದ್ದರೂ ಮುಟ್ಟಿಯೇ ನೋಡಬೇಕು. ಹುಡುಗಿಯ ಬೆರಳ ಗೆಣ್ಣುಗಳು ದಪ್ಪಗಿದ್ದವು, ಕಿರುಬೆರಳು ಸೊಟ್ಟಗಾಗಿತ್ತು, ಉಗುರನ್ನು ಬುಡದ ತನಕ ಕತ್ತರಿಸಿದ್ದಳು.

“ಇದೇನ ಬೇ, ಹಮಾಲನ ಕೈ ಇದ್ದಂಗ ಐತಿ,” ಅಂದರು.

ಹುಡುಗಿಯ ತಂದೆ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವಳೇ ಅಂದಳು: “ಜೂಡೋ ಆಡ್ತೇನ್ರಿ ಆಯಿ. ಎದುರಿನಾಕಿ ಅಂಗಿ ಹಿಡದ ಜಗ್ಗಿ ಜಗ್ಗಿ ಬೆರಳ ಹಿಂಗ ಆಗ್ಯಾವು.”

“ಯಾಕ ಜಗ್ಗೂದು?”

“ಕೆಡವಾಕ್ರಿ.”

ನಮ್ಮನೆಯವರು ನಕ್ಕರು. ಅವರು ಬಸ್ ಕಂಡಕ್ಟರ್ ಆಗಿದ್ದವರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ಕೂಗುತ್ತಲೇ ನೌಕರಿ ಮುಗಿಸಿದವರು. “ನಮ್ಮ ಬಸ್ಸಿನ್ಯಾಗೂ ಸೀಟಿಗೆ ಹಿಂಗ ಅಂಗಿ ಹಿಡದ ಜಗ್ಯಾಡ್ತಿದ್ರು ಬಿಡವಾ. ಅವರಿಗೆ ಯಾರೂ ಪದಕ ಕೊಡಲಿಲ್ಲ,” ಅಂದರು.

ಹುಡುಗಿಯೂ ನಕ್ಕಳು. ಆಮೇಲೆ ಸೆರಗು ಸರಿ ಮಾಡಿಕೊಂಡು, ಯಾರ ಮುಖವನ್ನೂ ತಪ್ಪಿಸದೆ ಒಂದು ಮಾತು ಹೇಳಿದಳು.

“ಮದವಿ ಆದ ಮ್ಯಾಲೂ ನಾ ಆಡ್ತೇನ್ರಿ. ಭಾಳ ವರ್ಷ ಅಲ್ಲ. ದೇಶದ ಹೆಸರ ಬೆನ್ನಿಗೆ ಹಚಗೊಂಡ ಇನ್ನೊಂದ ಸಲ ಹೊರಗಿನ ದೇಶದಾಗ ಆಡೂದೈತಿ. ಹೋದ ಸಲ ನನ್ನ ಸ್ಟ್ರೆಚರ್ ಮ್ಯಾಲೆ ಹೊತಗೊಂಡ ಹೊರಗ ತಂದ್ರು. ಈ ಸಲ ಗೆದ್ರೂ ಆತು ಸೋತ್ರೂ ಆತು, ಬಗ್ಗಿ ನಮಸ್ಕಾರ ಮಾಡಿ ನನ್ನ ಕಾಲ ಮ್ಯಾಲೆ ನಾನ ನಡಕೋತ ಹೊರಗ ಬರಬೇಕು. ಅಷ್ಟರ ಮಟ್ಟಿಗೆ ನೀವು ಬ್ಯಾಡ ಅನಬಾರ್ದು.”

ಕನ್ಯೆ ನೋಡುವ ಹೊತ್ತಿನಲ್ಲಿ ಕನ್ಯೆಯೇ ಕರಾರು ಹಾಕಿದ್ದನ್ನು ನಾನು ಕಂಡಿರಲಿಲ್ಲ. ನನ್ನ ತವರು ಹಲಸಂಗಿಯಲ್ಲಿ ನನ್ನನ್ನು ನೋಡಲು ಬಂದಾಗ ನಾನು ತಲೆಯನ್ನೇ ಎತ್ತಿರಲಿಲ್ಲ. ಮದುವೆಯಾದ ಮೇಲೆ ಗಂಡನ ಮುಖ ಸರಿಯಾಗಿ ನೋಡಿದ್ದು. ಒಳ್ಳೆಯ ಮುಖವೇ ಇತ್ತು. ಶಿವನ ದಯೆ ಎಂದು ಸುಮ್ಮನಾದೆ.

ಅವಳ ಹಿಂದಿನದನ್ನು ಅವಳ ತಾಯಿ ಒಲೆಯ ಮುಂದೆ ಕೂತು ನನಗೆ ಹೇಳಿದರು. ಸಾಲಿ ಕಲಿಯಲೆಂದು ಹುಡುಗಿಯನ್ನು ಮುದ್ದೇಬಿಹಾಳದ ಸೋದರಮಾವನ ಮನೆಯಲ್ಲಿ ಇಟ್ಟಿದ್ದರಂತೆ. ಅಲ್ಲಿ ಆಟದ ಮಾಸ್ತರರೊಬ್ಬರು ಹಳೆಯ ಗಾದಿಗಳನ್ನು ಒಂದಕ್ಕೊಂದು ಹೊಲಿಸಿ, ಸಾಲಿಯ ಹಿಂದಿನ ಕೋಣೆಯಲ್ಲಿ ಹಾಸಿ ಹುಡುಗಿಯರಿಗೆ ಜೂಡೋ ಕಲಿಸುತ್ತಿದ್ದರು. ಅಲ್ಲಿಂದ ಸರಕಾರದ ಕ್ರೀಡಾ ಹಾಸ್ಟೆಲ್. ಹಾಸ್ಟೆಲ್ಲಿನಲ್ಲಿ ಮೊದಲು ಬಹಳ ದಿನ ಬೀಳುವುದನ್ನಷ್ಟೇ ಕಲಿಸಿದರಂತೆ. ಹಿಂದಕ್ಕೆ ಬೀಳುವುದು, ಮಗ್ಗುಲಿಗೆ ಬೀಳುವುದು, ಬಿದ್ದಾಗ ಅಂಗೈಯಿಂದ ನೆಲಕ್ಕೆ ಹೊಡೆದು ಪೆಟ್ಟನ್ನು ನೆಲಕ್ಕೇ ಕೊಟ್ಟುಬಿಡುವುದು. ರಜೆಗೆ ಊರಿಗೆ ಬಂದವಳು ಕಣದಲ್ಲಿ ಹೊಟ್ಟಿನ ಮೇಲೆ ಬಿದ್ದು ಬಿದ್ದು ತೋರಿಸುತ್ತಿದ್ದಳಂತೆ. ಆಮೇಲೆ ರಾಜ್ಯದ ಪದಕ, ದೇಶದ ಪದಕ, ಕಿರಿಯರ ತಂಡದೊಂದಿಗೆ ವಿಮಾನ, ಹೊರದೇಶದಲ್ಲಿ ಒಂದು ಕಂಚು. ಹಿರಿಯರ ತಂಡಕ್ಕೆ ಸೇರಿ ಮೊದಲ ಸಲ ಹೊರಗೆ ಹೋದಾಗಲೇ ಆಟದ ನಡುವೆ ಎಡ ಮೊಣಕಾಲು ತಿರುಚಿತು. ಹಸಿ ಕಟ್ಟಿಗೆ ಮುರಿದಂತೆ ಸಪ್ಪಳವಾಯಿತಂತೆ. ಆಪರೇಷನ್ ಆಯಿತು, ಊರುಗೋಲು ಬಂತು, ಗೆಳತಿಯರೆಲ್ಲ ಮುಂದೆ ಹೋದರು.

“ಬಿಟ್ಟಬಿಡವಾ ಅಂತ ನಾನೂ ಹೇಳೇನಿ. ಒಲ್ಲೆ ಅಂತಾಳ,” ಎಂದು ಆ ತಾಯಿ ಕಣ್ಣೊರೆಸಿಕೊಂಡರು. ಹೊಗೆಗೋ ದುಃಖಕ್ಕೋ ನನಗೆ ತಿಳಿಯಲಿಲ್ಲ.

ಹೊರಗೆ ನಮ್ಮತ್ತೆಯ ವಿಚಾರಣೆ ನಡೆದೇ ಇತ್ತು. “ಆಡೂವಾಗ ತಾಳಿ ಹಾಕ್ಕೊಂಡಿರ್ತೀಯೇನ?”

“ಇಲ್ರಿ. ತಾಳಿ, ಬಳಿ, ಕಾಲುಂಗ್ರ ಎಲ್ಲಾ ತಗೀಬೇಕ್ರಿ. ಗಟ್ಟಿ ಇರೂದು ಏನೂ ಮೈಮ್ಯಾಲೆ ಇರಬಾರ್ದು. ಎದುರಿನಾಕಿಗೆ ಬಡದ್ರ?”

ನಮ್ಮತ್ತೆ ಅವಳ ಕೈ ಬಿಟ್ಟರು. ಹಿಂದಕ್ಕೆ ಬರುವಾಗ ಬಸ್ಸಿನಲ್ಲಿ ಅವರದು ಒಂದೇ ಮಾತು: “ಗಂಡ ಇದ್ದಾಕಿ ತಾಳಿ ತಗದ ಗೂಟಕ್ಕ ಹಾಕ್ತಾಳಂದ್ರ ಅದೆಂಥಾ ಆಟ? ನಮ್ಮ ಮನಿಗೆ ಬ್ಯಾಡ.”

ಮಗ ಮುಂದಿನ ಸೀಟಿನಿಂದ ತಿರುಗಿದ. ಅವನು ಇಂಡಿಯಲ್ಲಿ ಲೈನ್‌ಮನ್. “ಆಯಿ, ನಾ ಕಂಬ ಹತ್ತೂವಾಗ ಉಂಗರಾ ಕಡಗಾ ತಗದ ಕಿಸೇದಾಗ ಇಟಗೋತೇನಿ. ಯಾಕ?”

“ಕರಂಟ ಹಿಡೀತೈತಿ, ಅದಕ್ಕ.”

“ಹೌದಿಲ್ಲೋ? ಅದು ನನ್ನ ಕೆಲಸ. ಇದು ಆಕಿ ಕೆಲಸ.”

“ನಿನ್ನ ಉಂಗರಾನೂ ತಾಳೀನೂ ಒಂದ ಏನೋ, ಮಬ್ಬ?” ಅಂದರು ನಮ್ಮತ್ತೆ. ನಮ್ಮೂರು ಸಿಂದಗಿ ಬರುವ ತನಕ ಕಿಟಕಿಯ ಕಡೆಗೆ ಮುಖ ತಿರುಗಿಸಿ ಕೂತರು. ಆದರೂ ಮದುವೆಗೆ ಅಡ್ಡ ಬರಲಿಲ್ಲ. ಮೊಮ್ಮಗನ ದನಿಯಲ್ಲಿ ಏನೋ ಕೇಳಿರಬೇಕು. ಅಕ್ಷತೆ ಹಾಕುವಾಗ ಎಲ್ಲರಿಗಿಂತ ಮುಂದೆ ನಿಂತಿದ್ದರು.

ಸೊಸೆ ಬಂದ ಮೇಲೆ ನಮ್ಮ ಮನೆಯ ಸಪ್ಪಳವೇ ಬದಲಾಯಿತು. ನಾನು ನಸುಕಿನಲ್ಲಿ ಎದ್ದು, ಮಿಂದು, ವಿಭೂತಿ ಹಚ್ಚಿಕೊಂಡು ದೇವರ ಮುಂದೆ ಕೂಡುವವಳು. ಆ ಹೊತ್ತಿಗೆ ಅವಳು ಓಡಲು ಹೋಗಿ ಬಂದಿರುತ್ತಿದ್ದಳು. ಸೈಕಲ್ಲಿನ ಹಳೆಯ ಟ್ಯೂಬನ್ನು ನಡುಮನೆಯ ಕಂಬಕ್ಕೆ ಕಟ್ಟಿ, ಅದರ ಎರಡು ತುದಿ ಹಿಡಿದು, ಗಿರಕ್ಕನೆ ತಿರುಗಿ ಹೆಗಲ ಮೇಲಿಂದ ಎಳೆಯುವಳು. ಮತ್ತೆ ಬಿಡುವಳು, ಮತ್ತೆ ತಿರುಗುವಳು. ನನ್ನ ಜಪವೂ ಅವಳ ತಿರುಗಾಟವೂ ಒಂದೇ ಹೊತ್ತಿಗೆ ಮುಗಿಯುತ್ತಿದ್ದವು.

ಸಂಜೆ ಮಗ ಇಂಡಿಯಿಂದ ಬಂದ ಮೇಲೆ ಹಿತ್ತಲ ಕೋಣೆಯಲ್ಲಿ ಗಾದಿ ಹಾಸುತ್ತಿದ್ದರು. ಅವನೇ ಎದುರಾಳಿ. ಒಳಗಿನಿಂದ ಧಬ್, ಧಬ್ ಎಂದು ಕೇಳುತ್ತಿತ್ತು. ಪಕ್ಕದ ಮನೆಯ ಚಾಚಿ ಒಂದು ದಿನ ಗೋಡೆಯ ಮೇಲಿಂದ ಇಣುಕಿ, “ಭಾಬಿ, ಮನ್ಯಾಗ ಏನ ಬೀಳಾಕತ್ತೈತ್ರಿ?” ಅಂದಳು.

“ನಮ್ಮ ಮಗಾ,” ಅಂದೆ.

ಚಾಚಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದೇ ನಕ್ಕಿದ್ದು.

ಊಟದ ಮಾತು ನನಗೆ ಹೆಚ್ಚು ಸಂಕಟದ್ದಾಗಿತ್ತು. ಅವಳು ಐವತ್ತೆರಡು ಕಿಲೋದ ವರ್ಗದಲ್ಲಿ ಆಡುವವಳು. ಸ್ಪರ್ಧೆ ಹತ್ತಿರ ಬಂದರೆ ತೂಕ ಅದರ ಮೇಲೆ ಹೋಗಬಾರದು. ಸೊಸೆಗೆ ತುಪ್ಪ ಬಡಿಸಬೇಕಾದವಳು ನಾನು, ಅವಳು ಅರ್ಧ ರೊಟ್ಟಿ ತಿಂದು ತಟ್ಟೆ ಎತ್ತುವಳು. ನನ್ನದು ಸೋಮವಾರ ಒಪ್ಪತ್ತು. ಒಂದು ಸೋಮವಾರ ಇಬ್ಬರೂ ಖಾಲಿ ಹೊಟ್ಟೆಯಲ್ಲಿ ಹೆಸರುಕಾಳು ಹಸನು ಮಾಡುತ್ತ ಕೂತಿದ್ದೆವು.

“ಅತ್ತ್ಯಾರ, ನಿಮ್ಮ ಉಪಾಸ ಶಿವಗ. ನಂದು ತಕ್ಕಡಿಗೆ,” ಅಂದಳು.

“ಶಿವ ಒಂದ ಬಾಳಿಹಣ್ಣ ತಿಂದ್ರ ಏನೂ ಅನ್ನೂದಿಲ್ಲ ನೋಡವಾ.”

“ತಕ್ಕಡಿ ಅಂತೈತ್ರಿ.”

ಇಂಥ ಸೊಸೆ ಸಿಕ್ಕಳಲ್ಲ, ಮಾತಿಗೆ ಮಾತು ಕೊಟ್ಟು ಮನಸ್ಸು ಹಗುರ ಮಾಡುತ್ತಾಳಲ್ಲ, ಅದನ್ನು ನಾನು ದೇವರು ಕೊಟ್ಟದ್ದರಲ್ಲಿ ಸೇರಿಸಿಕೊಂಡೆ. ಮೊಣಕಾಲು ಒಂದು ವಾರ ಬಾವು ಬರದೆ ಇದ್ದರೆ ಅದನ್ನೂ ಸೇರಿಸಿಕೊಂಡೆ. ಬಾಗೇವಾಡಿ ಬಸವಣ್ಣನ ಗುಡಿಗೆ ಹರಕೆ ಹೊತ್ತೆ. ದೀಡ ನಮಸ್ಕಾರ ಹಾಕಬೇಕಾದವಳು ಅವಳು, ಆದರೆ ಗುಡಿಯ ತನಕ ಹೆಜ್ಜೆ ಹೆಜ್ಜೆಗೂ ಕಲ್ಲಿನ ಮೇಲೆ ಮಂಡಿ ಮಡಿಚಿ ನೆಲಕ್ಕೆ ಬಿದ್ದು ಏಳುವುದು ಅವಳಿಗೆ ಹಿಂಸೆ. ಅವಳ ಬದಲು ನಾನೇ ಹಾಕಿ ಬಂದೆ. ಆ ದಿನ ನನ್ನ ಮೊಣಕಾಲುಗಳೂ ಅವಳದರಂತೆ ಮಾತಾಡಿದವು.

ತಾಳಿಯ ಮಾತು ಮಾತ್ರ ಮನೆಯಲ್ಲಿ ಮುಳ್ಳಿನಂತೆ ಉಳಿಯಿತು. ತಾಲೀಮಿಗೆ ನಿಲ್ಲುವ ಮೊದಲು ಸೊಸೆ ತಾಳಿ ತೆಗೆದು ಕಣ್ಣಿಗೆ ಒತ್ತಿಕೊಂಡು ದೇವರ ಕೋಣೆಯ ಗೂಟಕ್ಕೆ ಹಾಕುವಳು. ಅವಳು ಆಚೆ ಹೋದ ಕೂಡಲೆ ನಮ್ಮತ್ತೆ ಹೋಗಿ ಆ ಗೂಟದ ಕೆಳಗೆ ಕೂಡುವರು. ಅವಳು ಬಂದು ಮತ್ತೆ ಕೊರಳಿಗೆ ಹಾಕಿಕೊಳ್ಳುವ ತನಕ ಏಳುವವರಲ್ಲ, ನೀರು ಕುಡಿಯುವವರಲ್ಲ, ಯಾರೊಂದಿಗೂ ಮಾತಾಡುವವರಲ್ಲ. ಬೈದಿದ್ದರೆ ಸೊಸೆ ಉತ್ತರ ಕೊಡುತ್ತಿದ್ದಳು. ಬರಿ ಕೂತರೆ ಏನು ಮಾಡುವುದು? ಮುದುಕಿಯ ಕಾಲು ಜೋಮು ಹಿಡಿದಾವೆಂದು ಅವಳು ತಾಲೀಮನ್ನು ಅರ್ಧಕ್ಕೇ ಬಿಟ್ಟು ಓಡಿ ಬರತೊಡಗಿದಳು.

“ಹಿಂಗಾದ್ರ ನಾ ತಯಾರ ಆಗೂದಿಲ್ರಿ ಅತ್ತ್ಯಾರ,” ಎಂದು ನನ್ನ ಮುಂದೆ ಒಂದು ದಿನ ಅಂದಳು. “ಆಯಿಗೆ ಸಿಟ್ಟ ಬಂದ್ರ ನಾ ತಾಳ್ತೇನಿ. ಇದನ್ನ ತಾಳಾಕ ಆಗವಲ್ದು.”

ನಾನು ನಮ್ಮತ್ತೆಗೆ ಹೇಳಿ ನೋಡಿದೆ. “ನಾ ಏನ ಅಂದೇನಿ? ದೇವರ ಮುಂದ ಕೂಡಬಾರ್ದೇನ?” ಅಂದರು. ಕಡೆಗೆ ಸೊಸೆ ದೂರದ ತರಬೇತಿ ಶಿಬಿರಕ್ಕೆ ಹೋದಳು. ಉತ್ತರದ ಕಡೆಯ ಊರು, ತಿಂಗಳುಗಟ್ಟಲೆ. ಓಣಿಯಲ್ಲಿ, “ಸೊಸಿ ತವರಿಗೆ ಹೋದಳೇನ್ರಿ? ಬಾಣಂತನ ಏನ?” ಎಂದು ಕೇಳಿದವರಿಗೆ ನಮ್ಮನೆಯವರು, “ಇಲ್ಲ, ಮಂದೀನ ಕೆಡವಾಕ ಹೋಗ್ಯಾಳ,” ಎಂದು ಹೇಳಿ ಕಳಿಸುತ್ತಿದ್ದರು.

ಆಯ್ಕೆಯಾದ ಸುದ್ದಿ ಫೋನಿನಲ್ಲಿ ಬಂತು. ಮಧ್ಯ ಏಷ್ಯಾದ ಒಂದು ದೇಶದಲ್ಲಿ ದೊಡ್ಡ ಸ್ಪರ್ಧೆ, ಅವಳ ವರ್ಗದಲ್ಲಿ ನಮ್ಮ ದೇಶದಿಂದ ಅವಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಕೈಯಲ್ಲೇ ದೇವರಿಗೆ ಕೈ ಮುಗಿದೆ.

ಹೊರಡುವ ಮೊದಲು ಸ್ವಲ್ಪ ದಿನಕ್ಕೆ ಮನೆಗೆ ಬಂದಳು. ಚೀಲದಿಂದ ಹೊಸ ಅಂಗಿಗಳನ್ನು ತೆಗೆದು ತೋರಿಸಿದಳು. ಒಂದು ಬಿಳಿ, ಒಂದು ನೀಲಿ. ಎದುರುಬದುರು ನಿಂತಾಗ ಒಬ್ಬಳು ಬಿಳಿ, ಇನ್ನೊಬ್ಬಳು ನೀಲಿ ಹಾಕಬೇಕು, ಯಾವುದು ಬರುತ್ತದೋ ಹೇಳಲಾಗದು, ಅದಕ್ಕೆ ಎರಡೂ ಬೇಕು. ಅಂಗಿ ಅಂದರೆ ನಮ್ಮ ಅಂಗಿಯಲ್ಲ, ಜಮಖಾನೆಯಷ್ಟು ದಪ್ಪ, ಕೊರಳ ಪಟ್ಟಿ ಹಗ್ಗದಷ್ಟು ಗಟ್ಟಿ. ಬೆನ್ನ ಮೇಲೆ ದೇಶದ ಇಂಗ್ಲಿಷ್ ಅಕ್ಷರಗಳು, ಅವುಗಳ ಮೇಲೆ ಇನ್ನೊಂದು ಹೆಸರು.

ಮಗ ಬಿಳಿ ಅಂಗಿಯನ್ನು ನಮ್ಮತ್ತೆಯ ತೊಡೆಯ ಮೇಲೆ ಹಾಸಿ, ಅವರ ಬೆರಳು ಹಿಡಿದು ಅಕ್ಷರಗಳ ಮೇಲೆ ಆಡಿಸಿದ. “ಇದು ಏನ ಹೇಳು ಆಯಿ.”

“ನನಗೇನ ಓದಾಕ ಬರ್ತೈತಿ?”

“ನಮ್ಮ ಮನಿ ಅಡ್ಡಹೆಸರ.”

“ಆಕಿ ಅಪ್ಪನದೇನ?”

“ಅಲ್ಲ. ನಮ್ಮದು. ನಿನ್ನ ಗಂಡಂದು.”

ಅವರು ಒಂದೊಂದೇ ಅಕ್ಷರದ ಅಂಚನ್ನು ಕೊನೆಯ ತನಕ ಮುಟ್ಟಿ ನೋಡಿದರು. ಮತ್ತೆ “ಮಡಿಚಿ ಇಡ್ರಿ, ಮಣ್ಣಾಗ್ತೈತಿ,” ಅಂದರು.

ಮರುದಿನ ಸೋಮವಾರ. ನಾನು ಗುಡಿಗೆ ಹೋಗಿದ್ದೆ, ಸೊಸೆ ಓಡಲು ಹೋಗಿದ್ದಳು. ನಾನು ಬಂದು ಚಪ್ಪಲಿ ಬಿಡುವ ಹೊತ್ತಿಗೆ ಅವಳು ನನಗಿಂತ ಮುಂಚೆ ಬಂದು ಹಗ್ಗ ಹೆಣೆದ ಹೊರಸಿನ ಮುಂದೆ ನಿಂತಿದ್ದಳು. ಬಿಳಿ ಅಂಗಿ ಹೊರಸಿನ ಮೇಲೆ ಬಿಚ್ಚಿ ಬಿದ್ದಿತ್ತು. ಕೊರಳ ಪಟ್ಟಿಯ ಎರಡೂ ಬದಿಗೆ, ಎದೆಯ ಮೇಲೆ, ಹೆಬ್ಬೆರಳಗಲ ಹಸಿ ಅರಿಶಿಣ, ಅದರ ನಡುವೆ ಕುಂಕುಮ.

ನಮ್ಮ ಕಡೆ ಹೊಸ ಬಟ್ಟೆಯನ್ನು ಹಾಗೇ ಉಡುವುದಿಲ್ಲ. ಸೀರೆಯಿದ್ದರೆ ಸೆರಗಿನ ತುದಿಗೆ, ಕುಬಸವಿದ್ದರೆ ಅಂಚಿಗೆ ಒಂದು ಬೊಟ್ಟು ಅರಿಶಿಣ ಹಚ್ಚಿ, ದೇವರಿಗೆ ತೋರಿಸಿ ಉಡುತ್ತೇವೆ. ನಮ್ಮತ್ತೆ ಗೋಡೆಗೆ ಒರಗಿ ಕೂತಿದ್ದರು, ಬೆರಳು ಇನ್ನೂ ಹಳದಿ. “ಹೊಸಾದು, ಹಂಗ ಹಾಕ್ಕೊಬಾರ್ದು,” ಅಂದರು. “ಇದಕ್ಕ ಸೆರಗ ಎಲ್ಲೈತಿ ತಿಳೀಲಿಲ್ಲ ನನಗ. ಎದಿ ಮ್ಯಾಲ ಹಚ್ಚೇನಿ.”

ಸೊಸೆ ನನ್ನ ಮುಖ ನೋಡಿದಳು. ಇಷ್ಟು ದಿನ ಗೂಟದ ಕೆಳಗೆ ಕೂತವರು ಈಗ ಎದ್ದು ತಾವೇ ಅರಿಶಿಣ ತೇಯ್ದಿದ್ದರು. ಹೋಗಿ ಬಾ ಎಂದು ಬಾಯಿಬಿಟ್ಟು ಹೇಳುವ ಹೆಂಗಸು ಅವರಲ್ಲ, ಅವರ ಒಪ್ಪಿಗೆ ಇದೇ. ಅದು ಅವಳಿಗೂ ಗೊತ್ತಾಯಿತು. ಬಗ್ಗಿ ಅವರ ಪಾದ ಮುಟ್ಟಿ, ಅಡುಗೆಮನೆಗೆ ಬಂದು ನೆಲಕ್ಕೆ ಕೂತಳು.

“ಅತ್ತ್ಯಾರ, ಅಲ್ಲಿ ಆಡೂಕಿಂತ ಮೊದಲ ಅಂಗಿ ತಪಾಸಣಿ ಮಾಡ್ತಾರ್ರಿ. ತೋಳ ಅಳೀತಾರ, ಪಟ್ಟಿ ಹಿಚುಕಿ ನೋಡ್ತಾರ. ಕಲೆ ಇದ್ರ ಅಂಗಿ ಒಲ್ಲೆ ಅಂತಾರ. ಅವರದ ಯಾವುದೋ ಒಂದ ಅಂಗಿ ಹಾಕ್ಕೊಂಡ ಆಡ್ಬೇಕು. ಮತ್ತ ನಮಗ ಕಲಸೂ ಕೋಚಬಾಯಿ ನನ್ನ ಬಾಜೂಕ ಕುರ್ಚಿ ಮ್ಯಾಲ ಕೂಡಂಗಿಲ್ಲ. ಶಿಕ್ಷಾ ಅದು. ಆಕಿ ಇಲ್ಲಂದ್ರ ನನ್ನ ಮೊಣಕಾಲ ಯಾವಾಗ ಜಗ್ಗಾಕತ್ತೈತಿ ಅಂತ ನನಗ ಹೇಳವರ ಯಾರ್ರಿ?”

ಹೊರಡುವುದು ನಾಡಿದ್ದು. ಬೇರೆ ಬಿಳಿ ಅಂಗಿ ತರಿಸಲು ಹೊತ್ತಿಲ್ಲ. ನಮ್ಮನೆಯವರು, “ಬಿಸಿನೀರಾಗ ಸೋಡಾ ಹಾಕಿ ಕುದಿಸ್ರಿ, ನಮ್ಮ ಖಾಕಿ ಹಂಗ ತೊಳೀತಿದ್ವಿ,” ಎಂದು ಹಂಡೆಗೆ ಉರಿ ಹಚ್ಚಲು ಹೊರಟರು. ನಾನು ಕೈ ಅಡ್ಡ ಹಿಡಿದೆ. ಸೋಡಾ ತಾಗಿದರೆ ಅರಿಶಿಣ ರಕ್ತದ ಕಲೆಯಂತೆ ಕೆಂಪಾಗುತ್ತದೆ. ಕುದಿಸಿದರೆ ನೂಲು ಕುಗ್ಗಿ ತೋಳು ಮೇಲೇರುತ್ತದೆ, ಮಣಿಕಟ್ಟಿನ ತನಕ ಬಾರದ ತೋಳನ್ನೂ ಅವರು ಒಪ್ಪುವುದಿಲ್ಲವಂತೆ. ಕುಂಕುಮವನ್ನು ಮೊದಲು ಒಣಗಿದ್ದಾಗಲೇ ಕೊಡವಿದೆ. ಉಳಿದದ್ದನ್ನು ತಣ್ಣೀರಲ್ಲಿ ಅದ್ದಿ, ಲಿಂಬೆಹಣ್ಣು ತಿಕ್ಕಿ ತಿಕ್ಕಿ ತೆಗೆದೆ. ಕುಂಕುಮ ಹೋಯಿತು. ಅರಿಶಿಣ ಹೋಗಲಿಲ್ಲ. ಅರಿಶಿಣಕ್ಕೆ ಇರುವ ಮದ್ದು ಒಂದೇ, ಬಿಸಿಲು. ಉಂಡ ಕೈಯೊರೆಸಿದ ಸೆರಗಿನ ಕಲೆಗಳನ್ನು ನಾನು ಬಿಸಿಲಿಗೇ ಬಿಡುವವಳು.

ಆದರೆ ಅಂದು ಬಿಸಿಲು ಎಲ್ಲಿತ್ತು? ಆಷಾಢದ ಮೋಡ ಮೈಮುರಿಯುತ್ತ ಕೂತಿತ್ತು. ವರ್ಷವಿಡೀ ನಾವು ಬೈಯುವ ಈ ಸಿಂದಗಿಯ ಬಿಸಿಲಿಗೆ ಅಂದು ನಾನು ಕೈಮುಗಿದು ಕಾದೆ.

ಇನ್ನೊಂದು ತೊಡಕೂ ಇತ್ತು. ಅಂಗಳದಲ್ಲಿ ಜೋಳ ಹರವಿದ್ದೆವು. ಗುಬ್ಬಿ, ಆಡು ಬಾರದಂತೆ ಕೋಲು ಹಿಡಿದು ಅಲ್ಲಿ ಕೂಡುವುದು ನಮ್ಮತ್ತೆಯ ಕೆಲಸ. ಅವರ ಕಣ್ಣೆದುರೇ ಅವರು ಹಚ್ಚಿದ ಅರಿಶಿಣವನ್ನು ಒಣಹಾಕಿ ತೆಗೆಯಬೇಕು. ನಾನು ಸದ್ದು ಮಾಡದೆ ಹೊರಸು ತಂದು ಅಂಗಿ ಹರವಿದೆ. ಅವರ ಕಣ್ಣು ಮಂಜು, ಆದರೆ ಹಸಿ ಬಟ್ಟೆಯ ವಾಸನೆಗೆ ಮೂಗು ಚುರುಕು.

“ಅದನ್ನ ಯಾಕ ಒಗದಿ?”

“ಧೂಳಾಗಿತ್ರಿ.”

“ಹೊಸಾದಕ್ಕ ಎಲ್ಲಿ ಧೂಳ ಬೇ? ನಾ ಹಚ್ಚಿದ್ದ ತಗ್ಯಾಕ ಒಗದಿ.”

ನಾನು ಸೆರಗಿನ ತುದಿ ಹಿಂಡುತ್ತ ನಿಂತೆ. ಸೊಸೆ ಒಳಗಿನಿಂದ ಬಂದು ಅವರ ಮುಂದೆ ಕುಕ್ಕರಗಾಲಲ್ಲಿ ಕೂತಳು. ಆ ಮೊಣಕಾಲಿಗೆ ಅದು ಸುಲಭದ ಕೂಡುವಿಕೆಯಲ್ಲ.

“ಆಯಿ, ಸುಳ್ಳ ಹೇಳೂದಿಲ್ಲ. ತಗ್ಯಾಕ ಒಗದೇವ್ರಿ. ಕಲೆ ಇದ್ರ ಅಲ್ಲಿ ಈ ಅಂಗಿ ನಡ್ಯೂದಿಲ್ಲ. ತಮ್ಮದೊಂದ ಅಂಗಿ ಕೊಡ್ತಾರ. ಅದರ ಬೆನ್ನ ಮ್ಯಾಲೆ ನಮ್ಮ ಮನಿ ಹೆಸರ ಇರೂದಿಲ್ಲ.”

ನಮ್ಮತ್ತೆ ಕೋಲು ತಿರುವುತ್ತ ಕೂತರು. ಒಂದು ಗುಬ್ಬಿ ಬಂದು ಜೋಳ ಹೆಕ್ಕಿ ಹೋಯಿತು, ಅದನ್ನೂ ಓಡಿಸಲಿಲ್ಲ. ಆಮೇಲೆ ಕೈ ಚಾಚಿ ಅಂಗಿ ಸವರಿ ಅಂದರು: “ನಾ ದೇವರಿಗೆ ತೋರಿಸಿದ್ದಾತು. ಬಟ್ಟೀದು ಹೋದ್ರ ಹೋಗ್ಲಿ. ಹಿಂಗ್ಯಾಕ ಹಾಕೀರಿ ಮತ್ತ? ಬಿಸಲ ಬಂದ್ರ ಬೆನ್ನಿಗೆ ಬೀಳ್ತೈತಿ. ಎದಿ ಮ್ಯಾಲ ಮಾಡ್ರಿ.”

ಹೊತ್ತು ನೆತ್ತಿಗೆ ಬರುವಾಗ ಮೋಡ ಸರಿಯಿತು. ಅಂಥ ಬಿಸಿಲನ್ನು ನಾನು ಜನ್ಮದಲ್ಲಿ ಹರಸಿರಲಿಲ್ಲ. ನೆರಳು ಸರಿದ ಹಾಗೆ ನಮ್ಮತ್ತೆ “ಹೊರಸ ಸರಸ್ರಿ” ಎಂದು ಕೂಗುವರು, ನಾವು ಸರಿಸುವೆವು. ಮರುದಿನವೂ ಹಾಗೇ ಮಾಡಿದೆವು. ಸಂಜೆಗೆ ಕಲೆ ಮಾಸಿ ಮಾಸಿ, ಅಲ್ಲಿತ್ತೆಂದು ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟಾಯಿತು. ಅಲ್ಲಿನವರ ಕಣ್ಣು ಎಷ್ಟು ಚುರುಕೋ ನಮಗೆ ತಿಳಿಯದು. ಆ ಭಯವನ್ನು ಅಂಗಿಯೊಂದಿಗೇ ಮಡಿಚಿ ಚೀಲಕ್ಕೆ ಹಾಕಿದೆವು.

ಹೊರಡುವ ದಿನ ನಮ್ಮತ್ತೆ ತಾವೇ ಮುಂದೆ ನಿಂತು ಉಡಿ ತುಂಬಿಸಿದರು. ತಾವು ಗಂಡನಿಲ್ಲದವರೆಂದು ಅಕ್ಕಿ, ಕೊಬ್ಬರಿ, ಅಡಿಕೆಯನ್ನು ನನ್ನ ಕೈಯಿಂದ ಹಾಕಿಸಿದರು. ಆಮೇಲೆ ಕೇಳಿದರು: “ನಿಮ್ಮ ಕೋಚಬಾಯಿ ಮುತ್ತೈದಿ ಹೌದಿಲ್ಲೋ?”

“ಹೌದ್ರಿ ಆಯಿ. ಎರಡ ಮಕ್ಕಳದಾವು.”

“ಅಲ್ಲಿ ತಾಳಿ ತಗದ್ರ ಚೀಲದಾಗ ತುರಕಬ್ಯಾಡ. ಆಕಿ ಕೊರಳಾಗ ಹಾಕು. ನಿನ್ನ ಆಟ ಮುಗ್ಯೂತನಾ ಆಕಿ ಹಾಕ್ಕೊಂಡಿರ್ಲಿ.”

ಸೊಸೆ ನಗಲೂ ಇಲ್ಲ, ಅಳಲೂ ಇಲ್ಲ. “ಹೂನ್ರಿ,” ಅಂದಳು.

ಸ್ಪರ್ಧೆಯ ದಿನ ನಮಗೂ ಆ ದೇಶಕ್ಕೂ ಹೊತ್ತಿನಲ್ಲಿ ಹೆಚ್ಚು ಅಂತರ ಇರಲಿಲ್ಲ. ಮುಂಜಾನೆ ಅವಳದೊಂದು ಸಣ್ಣ ಮಾತು ಫೋನಿಗೆ ಬಂತು: ತೋಳು ಅಳೆದರು, ಪಟ್ಟಿ ಹಿಚುಕಿದರು, ಎದೆಯ ಹತ್ತಿರ ಬಗ್ಗಿ ನೋಡಿದರು, ಹೋಗು ಅಂದರು. ನಾನು ಓದಿಸಿಕೊಂಡು, ದೇವರ ದೀಪಕ್ಕೆ ಇನ್ನೊಂದು ಬತ್ತಿ ಹಾಕಿದೆ. ಬೇರೇನು ಮಾಡಲಿ?

ಮಗ ಅಂದು ರಜೆ ಹಾಕಿದ್ದ. ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ನಿಲ್ಲಿಸಿದ. ನಾನು ರೊಟ್ಟಿಗೆ ಹಿಟ್ಟು ಕಲಸುತ್ತಿದ್ದೆ, ನಮ್ಮನೆಯವರು ಬಾಗಿಲಲ್ಲಿ, ನಮ್ಮತ್ತೆ ಎಲ್ಲರಿಗಿಂತ ಹತ್ತಿರ. ಮೊದಲ ಆಟಕ್ಕೆ ಅವಳಿಗೆ ಬಿಳಿ ಅಂಗಿಯೇ ಬಂತು. ಬಾಜೂಕೆ ಕುರ್ಚಿಯಲ್ಲಿ ಕೋಚಬಾಯಿ ಕೂತಿದ್ದಳು.

“ಕೊರಳಾಗ ಎರಡ ತಾಳಿ ಕಾಣ್ತಾವೇನ ನೋಡೋ,” ಅಂದರು ನಮ್ಮತ್ತೆ.

“ಅಷ್ಟೆಲ್ಲಾ ಕಾಣೂದಿಲ್ಲ ಆಯಿ.”

“ಕಣ್ಣಿದ್ದವರು ನೀವ ಹಿಂಗಂದ್ರ ಹೆಂಗ?”

ಅವರಿಬ್ಬರೂ ಬಗ್ಗಿ ನಮಸ್ಕಾರ ಮಾಡಿಕೊಂಡರು, ಅಂಗಿ ಹಿಡಿದುಕೊಂಡರು. ಅಂಗಿ ಹಿಡಿಯುವುದಕ್ಕೇ ಎಷ್ಟು ಜಗಳ! ಎದುರಿನವಳು ಉದ್ದ, ಕೈಯೂ ಉದ್ದ. ಒಮ್ಮೆ ಇಬ್ಬರೂ ಬಿದ್ದರು, ಯಾರು ಯಾರ ಮೇಲೆ ಎಂದು ತಿಳಿಯುವ ಮೊದಲೇ ನಮ್ಮವಳು ಅವಳ ಎದೆಯ ಮೇಲೆ ಅಡ್ಡ ಬಿದ್ದು ಒತ್ತಿ ಹಿಡಿದಿದ್ದಳು. ಅವಳು ಮೀನಿನಂತೆ ಒದ್ದಾಡಿದಳು. ನಮ್ಮವಳು ಬಿಡಲಿಲ್ಲ. ಆಟದ ತೀರ್ಪು ಹೇಳುವ ಪಂಚರು ಕೈ ಎತ್ತಿದರು.

“ಮುಗೀತೇನ?” ಅಂದೆ.

“ಗೆದ್ದಳವ್ವಾ,” ಅಂದ ಮಗ.

ಎರಡನೆಯ ಆಟಕ್ಕೆ ಅವಳು ನೀಲಿ ಅಂಗಿಯಲ್ಲಿ ಬಂದಳು. ಅದನ್ನು ನಮ್ಮತ್ತೆಗೆ ಹೇಳುವುದು ಯಾರಿಗೂ ನೆನಪಾಗಲಿಲ್ಲ. ಅವರು ಕೈ ಮುಗಿದು, “ಬಿಳೇ ಅಂಗಿಯಾಕೀಗೆ ಬಲಾ ಕೊಡೋ ಶಿವನ, ಬಿಳೇ ಅಂಗಿಯಾಕೀನ ಕಾಯೋ,” ಎಂದು ಬಡಬಡಿಸುತ್ತಲೇ ಇದ್ದರು. ಬಿಳಿ ಅಂಗಿಯವಳು ಆ ದೇಶದ್ದೇ ಹುಡುಗಿ, ಬಲ ಬೇಡುವ ಅಗತ್ಯವೇ ಇರಲಿಲ್ಲ, ಕಲ್ಲಿನಂತೆ ಇದ್ದಳು. ನಮ್ಮನೆಯವರು ಕಡೆಗೆ, “ಅವ್ವಾ, ನೀ ಆಕೀಗೆ ಬೇಡಾಕತ್ತೀದಿ. ನಮ್ಮಾಕಿ ನೀಲಿ,” ಅಂದರು. ನಮ್ಮತ್ತೆ ಗಕ್ಕನೆ ನಿಲ್ಲಿಸಿ, “ಮೊದಲ ಹೇಳಬಾರ್ದೇನ್ರೋ ಮಬ್ಬುಗೋಳ್ರಾ,” ಎಂದು, ಬೇಡಿದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳುವಂತೆ ಮತ್ತೆ ಮೊದಲಿನಿಂದ ಶುರು ಮಾಡಿದರು.

ಹೊತ್ತು ಮುಗಿದರೂ ಇಬ್ಬರದೂ ಸಮ ಸಮ. ಹಾಗಾದರೆ ಒಬ್ಬರು ಬೀಳುವ ತನಕ ಆಟ ಮುಂದುವರಿಯುತ್ತದಂತೆ. ನಮ್ಮವಳು ಒಮ್ಮೆ ಎಡಗಾಲು ಊರುವಾಗ ಮುಖ ಕಿವುಚಿದ್ದು ನನಗೆ ಕಂಡಿತು. ಆ ಕಾಲೇ ಅದು. ಕೋಚಬಾಯಿ ಕುರ್ಚಿಯಿಂದ ಮುಂದೆ ಬಾಗಿ ಏನೋ ಕೂಗಿದಳು. ನಾನು ಪದಕ ಬೇಡಲಿಲ್ಲ. ಆ ಮೊಣಕಾಲೊಂದನ್ನು ಕಾಯಪ್ಪಾ ಅಂದೆ, ಅಷ್ಟೇ. ಅದೇ ಹೊತ್ತಿಗೆ ಫೋನಿನಲ್ಲಿ ಚಿತ್ರ ನಿಂತುಬಿಟ್ಟಿತು. ನಮ್ಮವಳ ಒಂದು ಕಾಲು ಗಾಳಿಯಲ್ಲಿ, ಬಿಳಿ ಅಂಗಿಯವಳ ಕೈ ಅವಳ ಬೆನ್ನ ಮೇಲೆ. ಮಗ ಫೋನ್ ಎತ್ತಿಕೊಂಡು ಅಂಗಳಕ್ಕೆ ಓಡಿದ. ನಾವೆಲ್ಲ ಅವನ ಹಿಂದೆ, ನಮ್ಮತ್ತೆ ನನ್ನ ತೋಳು ಹಿಡಿದು.

ಚಿತ್ರ ಮತ್ತೆ ಬಂದಾಗ ನಮ್ಮವಳು ಗಾದಿಯ ಮೇಲೆ ಅಂಗಾತ ಬಿದ್ದಿದ್ದಳು. ಪಂಚರ ಕೈ ಬಿಳಿಯ ಕಡೆಗೆ ಹೋಗಿತ್ತು. ಅವಳು ಮೇಲೆ ನೋಡುತ್ತ ಒಂದು ಕ್ಷಣ ಹಾಗೇ ಇದ್ದಳು. ಆಮೇಲೆ ಮಗ್ಗುಲಾದಳು. ಕೈ ಊರಿ ಎದ್ದಳು. ಅಂಗಿ ಸರಿ ಮಾಡಿಕೊಂಡು, ನಡುವಿನ ಪಟ್ಟಿಯನ್ನು ಬಿಗಿದು, ಎದುರಿನವಳಿಗೆ ಬಗ್ಗಿ ನಮಸ್ಕಾರ ಮಾಡಿದಳು. ಹಿಂದಕ್ಕೆ ಹೆಜ್ಜೆ ಹಾಕಿ, ಗಾದಿಯ ಅಂಚಿನಲ್ಲಿ ಇನ್ನೊಮ್ಮೆ ಬಗ್ಗಿದಳು. ತಿರುಗಿ ನಡೆದಳು. ಸ್ವಲ್ಪ ಕುಂಟುತ್ತಿದ್ದಳು, ಆದರೆ ಯಾರನ್ನೂ ಹಿಡಿದುಕೊಂಡಿರಲಿಲ್ಲ.

“ಏನಾತು?” ಅಂದರು ನಮ್ಮತ್ತೆ.

“ಸೋತಳು ಆಯಿ,” ಅಂದ ಮಗ.

“ಹೊತಗೊಂಡ ಹೋದರೇನ?”

“ಇಲ್ಲ. ನಡಕೋತ ಹೋದಳು.”

“ಮತ್ತ್ಯಾಕ ಅಳಾಕತ್ತೀದಿ?” ಎಂದು ಅವರು ಮೊಮ್ಮಗನ ಬೆನ್ನಿಗೆ ಮೆಲ್ಲಗೆ ಗುದ್ದಿದರು.

ಮಧ್ಯಾಹ್ನ ಅವಳ ಫೋನ್ ಬಂತು. ಗಂಡನೊಂದಿಗೆ ಮಾತಾಡಿ ನನಗೆ ಕೊಡಿಸಿದಳು.

“ನೋಡಿದ್ರಿ ಅತ್ತ್ಯಾರ?”

“ನೋಡಿದೆವು ಯವ್ವಾ. ಕಾಲ ಹೆಂಗೈತಿ?”

“ಬಾತೈತ್ರಿ. ಆದ್ರ ನಂದ ಐತಿ.” ಸ್ವಲ್ಪ ತಡೆದು ಅಂದಳು: “ಇನ್ನ ಸಾಕ್ರಿ. ಇಷ್ಟಕ್ಕ ಬಂದಿದ್ದೆ ನಾನು. ಹೊಳ್ಳಿ ಬಂದು ನಮ್ಮ ಕಡೆ ಹುಡುಗ್ಯಾರಿಗೆ ಕಲಸ್ತೇನಿ. ಆಯಿ ಏನಂದ್ರು?”

“ಬೇರೆಯವರಿಗೆ ಬೇಡಿಕೊಂಡ್ರು. ಬಂದ ಮ್ಯಾಲೆ ಹೇಳ್ತೇನಿ. ತಾಳಿ?”

“ಹಾಕ್ಕೊಂಡೇನ್ರಿ. ಕೋಚಬಾಯಿ ಕೊಡಾಕ ಒಲ್ಲೆ ಅಂತಿದ್ಲು, ನಂದರಕಿಂತ ನಿಂದ ಚಂದ ಐತಿ ಅಂತ.” ನಕ್ಕಳು. ಆ ನಗೆಯ ಹಿಂದೆ ಅತ್ತು ಮುಗಿಸಿದ ಮೂಗಿನ ಸದ್ದೂ ಇತ್ತು. “ಅತ್ತ್ಯಾರ, ಹಸಿವಿ ಆಗೇತ್ರಿ. ಭಾಳ ಅಂದ್ರ ಭಾಳ. ಇನ್ನ ತಕ್ಕಡಿ ಇಲ್ಲ.”

“ಏನ ಮಾಡ್ಲಿ ನೀ ಬರೂ ದಿನ?”

“ಬದನಿಕಾಯಿ ಎಣ್ಣಗಾಯಿ. ಸಜ್ಜಿ ರೊಟ್ಟಿ. ಬೆಣ್ಣಿ. ಶೇಂಗಾ ಹೋಳಿಗಿ. ನಾ ಸಾಕ ಅನ್ನೂತನಾ ನೀಡಬೇಕು ನೋಡ್ರಿ.”

“ನೀ ಸಾಕ ಅಂದ ಮ್ಯಾಲೂ ನೀಡ್ತೇನಿ,” ಅಂದೆ.

ಫೋನ್ ಇಟ್ಟು ಒಳಗೆ ಬಂದೆ. ಮುಂಜಾನೆ ಕಲಸಿಟ್ಟ ಹಿಟ್ಟು ಹಾಗೇ ಬಿದ್ದು ಮೇಲೆಲ್ಲ ಬಿರುಕು ಬಿಟ್ಟಿತ್ತು. ಮನೆಯಲ್ಲಿ ಯಾರೂ ಉಂಡಿರಲಿಲ್ಲ, ಯಾರಿಗೂ ಅದು ನೆನಪಾಗಿಯೂ ಇರಲಿಲ್ಲ. ಬಿಸಿನೀರು ಚಿಮುಕಿಸಿ ಮತ್ತೆ ನಾದಿದೆ. ಹಿಟ್ಟು ಮೆತ್ತಗಾಯಿತು, ಒಲೆ ಹತ್ತಿತು, ಹೊರಗೆ ನಮ್ಮತ್ತೆ ಜೋಳದ ಹತ್ತಿರ ಬಂದ ಆಡನ್ನು ಬೈಯುವುದು ಕೇಳುತ್ತಿತ್ತು. ಮೊದಲ ರೊಟ್ಟಿ ಬಡಿದು ಹಂಚಿಗೆ ಹಾಕಿದೆ.